ತಡೆದು ನಿಲ್ಲಿಸಿದವರು

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಹೆಸರು ಹೇಳುವುದಿಲ್ಲ. ಬದುಕಿದ್ದಾಗ ಒಮ್ಮೆ ಪತ್ರಿಕೆಯವರು ಫೋಟೋ ತೆಗೆಯಲು ಮನೆಗೆ ಬಂದರೆ, ಹಿಂಬಾಗಿಲಿನಿಂದ ಎದ್ದುಹೋಗಿ ಬಂದವರು ವಾಪಸ್ಸಾಗುವವರೆಗೂ ಹಸುವಿನ ಮೈ ತೊಳೆಯುತ್ತ ನಿಂತಿದ್ದ ಮನುಷ್ಯ. ಅದೂ ಅಲ್ಲದೆ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಕ್ಯಾಂಟೀನಿನವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ‘ಮಿಲ್ಟ್ರಿ ಸಾರ್’.

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಅರ್ಜಿ ನೋಡುವುದು, ಹಾಜರಿ ನೋಡುವುದು, ಬಂದ ಕಾಗದಗಳನ್ನು ಸರಿಯಾದ ಫೈಲಿಗೆ ಸೇರಿಸುವುದು ನನ್ನ ಕೆಲಸ. ಅವರು ಮೊದಲು ನನಗೆ ಸಿಕ್ಕಿದ್ದೂ ಒಂದು ಅರ್ಜಿಯಾಗಿಯೇ.

ಒಂದೂವರೆ ಪುಟದ ಬಯೋಡೇಟಾ. ಸೈನ್ಯದಲ್ಲಿ ಇಪ್ಪತ್ತು ವರ್ಷದ ಸೇವೆ. ಅರ್ಧಕ್ಕರ್ಧ ಇಂಗ್ಲಿಷಿನ ಮೊದಲಕ್ಷರಗಳು. ಒಂದೂ ನನಗೆ ಅರ್ಥವಾಗಲಿಲ್ಲ. ಮಧ್ಯದಲ್ಲಿ, ತಂತಿ ಸುತ್ತಿ ಭಾರ ಎತ್ತುವ ‘ವಿಂಚ್’ ಎಂಬ ಪದ ಮಾತ್ರ ಗೊತ್ತಿದ್ದದ್ದು. ಎದುರಿಗೆ ಕೂತಿದ್ದವರು ನಲವತ್ತರ ಆಸುಪಾಸಿನ, ಅಷ್ಟೇನೂ ಎತ್ತರವಿಲ್ಲದ ಮನುಷ್ಯ. ಭುಜ ಅಗಲ, ಕುತ್ತಿಗೆ ದಪ್ಪ. ಸೂಲಿಬೆಲೆಯ ಹತ್ತಿರದ ಬೇಸಾಯದ ಮನೆಯವರು, ಹೆಂಡತಿಯ ಊರು ದೊಡ್ಡಬಳ್ಳಾಪುರದ ಪಕ್ಕ. ಆಕೆ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಇಲ್ಲೇ ಮನೆ ಮಾಡಿದ್ದರು.

ನಮ್ಮ ಮ್ಯಾನೇಜರ್ ಕಾಗದ ತಿರುಗಿಸಿ ನೋಡಿ ಕೇಳಿದರು: “ಕ್ರೇನ್ ಆಪರೇಟ್ರಾ?”

“ಅಲ್ಲ ಸಾರ್. ಕ್ರೇನ್‌ಗೆ ನೇತಾಕ್ತಾರಲ್ಲ, ಆ ವಸ್ತು ನಾನು.”

ಅವರ ಮುಖದಲ್ಲಿ ನಗು ಇರಲಿಲ್ಲ. ಹಾಗಾಗಿ ನಾವೂ ನಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಹೆಲಿಕಾಪ್ಟರಿನಿಂದ ಉಕ್ಕಿನ ತಂತಿಯಲ್ಲಿ ಕೆಳಗಿಳಿಯುವುದು; ಪ್ರವಾಹದಲ್ಲೋ ಹಿಮದಲ್ಲೋ ಕಾಡಿನಲ್ಲೋ ಸಿಕ್ಕಿಕೊಂಡವರನ್ನು ಮೈಗೆ ಬಿಗಿದುಕೊಂಡು ಮೇಲೆ ತರುವುದು. ಗಾಯವಾಗಿದ್ದರೆ ಅಲ್ಲೇ ಕಟ್ಟು ಹಾಕುವುದು. ಇಪ್ಪತ್ತು ವರ್ಷ ಮಾಡಿದ್ದು ಅದೊಂದೇ.

“ಇಲ್ಲಿ ಹೆಲಿಕಾಪ್ಟರ್ ಇಲ್ವಲ್ಲಪ್ಪಾ,” ಎಂದರು ಮ್ಯಾನೇಜರ್.

“ಗೊತ್ತು ಸಾರ್. ಗೇಟ್ ಇದೆಯಲ್ಲ.”

ನಮ್ಮಲ್ಲಿಗೆ ಬರುವ ಮೊದಲು ಅವರು ಒಂದು ವರ್ಷ ಅಲೆದಿದ್ದರು. ವಿಮಾನ ನಿಲ್ದಾಣದ ಕಡೆ ಬೆಂಕಿ ನಂದಿಸುವ ಕೆಲಸಕ್ಕೆ ಕೇಳಿದ್ದರು, ವಯಸ್ಸು ಮೀರಿತ್ತು. ಆಂಬುಲೆನ್ಸಿಗೆ ಹೋದರೆ, ಅವರ ತರಬೇತಿಯ ಪತ್ರ ಹೊರಗಿನವರಿಗೆ ನಡೆಯುವುದಿಲ್ಲ ಎಂದಿದ್ದರು. ದೇವನಹಳ್ಳಿಯ ಆಚೆ ಒಂದು ರೆಸಾರ್ಟಿನಲ್ಲಿ, ಹಗ್ಗಕ್ಕೆ ಜೋತು ಒಂದು ಕಂಬದಿಂದ ಇನ್ನೊಂದಕ್ಕೆ ಜಾರುವ ಆಟದ ಉಸ್ತುವಾರಿ ಸಿಕ್ಕಿತ್ತು. ಮೂರೇ ವಾರ.

“ಯಾಕೆ ಬಿಟ್ರಿ?”

“ಹಗ್ಗ ಕತ್ತರಿಸ್ಬಿಟ್ಟೆ ಸಾರ್.”

“ಅಂದ್ರೆ?”

“ಹಗ್ಗ ಸವೆದಿತ್ತು. ಬದಲಾಯ್ಸಿ ಅಂತ ಮೂರ್ ಸಲ ಹೇಳ್ದೆ. ಇನ್ನೊಂದ್ ವಾರ ನಡೀತದೆ ಬಿಡಿ ಅಂದ್ರು. ಭಾನುವಾರ ಜನ ಸಾಲು ನಿಂತಿದ್ರು. ಚಾಕು ತಗೊಂಡು ಕತ್ತರಿಸ್ಬಿಟ್ಟೆ.”

ಮ್ಯಾನೇಜರ್ ಈಗ ಜೋರಾಗಿ ನಕ್ಕರು. ನಮ್ಮಲ್ಲಿ ಕತ್ತರಿಸಲು ಅಂಥ ಹಗ್ಗವೇನೂ ಇಲ್ಲವೆಂದು ಅವರಿಗೆ ಅನ್ನಿಸಿರಬೇಕು. ನೇಮಕಾತಿ ಪತ್ರವನ್ನು ನಾನೇ ಟೈಪ್ ಮಾಡಿದೆ. ಇಪ್ಪತ್ತು ವರ್ಷದ ಸೇವೆಗೆ ನಾನು ಕೊಟ್ಟ ಹೆಸರು ಎರಡೇ ಪದ: ಸೆಕ್ಯುರಿಟಿ ಸೂಪರ್‌ವೈಸರ್.

ಗೇಟಿಗೆ ಬಂದ ಮೊದಲ ವಾರದಲ್ಲೇ ಅವರು ನನಗೆ ತಲೆನೋವಾದರು. ಕಂಟ್ರಾಕ್ಟ್ ಕೆಲಸದವರು ಒಳಬಂದಾಗ ನಾವು ಹಿಂದಿನಿಂದಲೂ ‘ನಾಲ್ಕು ಜನ’, ‘ಆರು ಜನ’ ಎಂದಷ್ಟೇ ಬರೆಯುತ್ತಿದ್ದೆವು. ಅವರು ಆ ರಿಜಿಸ್ಟರ್ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತರು.

“ಮೇಡಂ, ನಾಲ್ಕು ಜನ ಅಂದ್ರೆ ಯಾರು?”

“ಕಂಟ್ರಾಕ್ಟರ್ ಕಡೆಯವರು ಸಾರ್. ದಿನಾ ಬದಲಾಗ್ತಾರೆ.”

“ಬದಲಾಗ್ಲಿ. ಹೆಸರಿರ್ತದಲ್ಲ?”

ಅಂದಿನಿಂದ ಹೆಸರು, ಊರು, ಮನೆಯವರ ಫೋನ್ ನಂಬರು ಎಲ್ಲ ಬರೆಯಬೇಕಾಯಿತು. ನನ್ನ ಕೆಲಸ ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚಾಯಿತು. ಮನಸ್ಸಿನಲ್ಲೇ ಬೈದುಕೊಂಡೆ.

ಅವರಿಗೆ ಕೆಲವು ಅಭ್ಯಾಸಗಳಿದ್ದವು. ಯಾವ ಕೋಣೆಗೆ ಬಂದರೂ ಮೊದಲು ಮೇಲೆ ನೋಡುತ್ತಿದ್ದರು. ತೊಲೆ, ಕೊಕ್ಕೆ, ಪೈಪು. ಆಮೇಲೆ ಬಾಗಿಲುಗಳನ್ನು. ಮನುಷ್ಯರನ್ನು ಕೊನೆಗೆ. ಆಳ, ದೂರ ಎಲ್ಲವನ್ನೂ ಮಾರಿನಲ್ಲಿ ಹೇಳುತ್ತಿದ್ದರು. ನಮ್ಮ ಗೋಡೌನು ಅವರಿಗೆ ಇಪ್ಪತ್ತೆರಡು ಮಾರು ಉದ್ದ. ಕೂತಾಗ ಕೈ ಸುಮ್ಮನಿರುತ್ತಿರಲಿಲ್ಲ. ನೂಲಿನ ಚೂರು ಸಿಕ್ಕಿದರೂ ಅದಕ್ಕೊಂದು ಗಂಟು ಹಾಕಿ, ಎಳೆದು ನೋಡಿ, ಬಿಚ್ಚಿ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತು ಅಕ್ಕಪಕ್ಕದ ಕಾರ್ಖಾನೆಗಳ ಗೇಟಿಗೆ ಹೋಗಿ ಅಲ್ಲಿನ ಕಾವಲಿನವರ ಜೊತೆ ಹರಟುತ್ತಿದ್ದರು. ಸುಮ್ಮನೆ ಹೊತ್ತು ಕಳೆಯುವುದಕ್ಕೆ ಎಂದುಕೊಂಡಿದ್ದೆ. ಯಾವ ಕಾರ್ಖಾನೆಯಲ್ಲಿ ಎಷ್ಟು ಉದ್ದದ ಏಣಿ ಇದೆ, ಎಲ್ಲಿ ಸ್ಟ್ರೆಚರ್ ಇದೆ, ಯಾರ ಹತ್ತಿರ ಅದರ ಬೀಗದ ಕೈ ಇರುತ್ತದೆ ಎಂಬುದನ್ನೆಲ್ಲ ಅವರು ಅಂಗಿ ಜೇಬಿನ ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಹಳೆಯ ಕಥೆ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ಕ್ಯಾಂಟೀನಿನ ಟಿವಿಯಲ್ಲಿ ಎಲ್ಲೋ ಪ್ರವಾಹ. ಸೂರಿನ ಮೇಲೆ ಜನ, ಮೇಲೆ ಹೆಲಿಕಾಪ್ಟರ್. ಊಟ ಬಿಟ್ಟು ಎಲ್ಲರೂ ನೋಡುತ್ತಿದ್ದೆವು. ಇವರು ಮುದ್ದೆ ಮುರಿಯುತ್ತಲೇ ಒಮ್ಮೆ ತಲೆಯೆತ್ತಿ, “ಗಾಳಿ ಬಲಕ್ಕೆ ಹೊಡೀತಿದೆ,” ಎಂದರು. ಅಷ್ಟೇ. ನಾವು ಕಾಡಿದ ಮೇಲೆ ಒಂದು ಸಂಗತಿ ಹೊರಬಂತು. ಹೊಳೆಯ ನಡುವಿನ ದಿಬ್ಬದ ಮೇಲೆ ಒಬ್ಬ ಮುದುಕಿ ಸಿಕ್ಕಿಕೊಂಡಿದ್ದಳಂತೆ. ಜೊತೆಗೆ ಒಂದು ಮೇಕೆ.

“ಮೇಕೆ ಬಿಟ್ಟು ಬರಲ್ಲ ಅಂದ್ಲು. ನಾನೂ ಹೇಳೋವಷ್ಟು ಹೇಳ್ದೆ. ಕೊನೆಗೆ ಮೇಕೇನೂ ಬಂತು. ಅದಕ್ಕೆ ಚೆನ್ನಾಗಿ ಬೈಸ್ಕೊಂಡೆ.”

“ಯಾರ ಹತ್ರ ಸಾರ್?”

“ಪೈಲಟ್ ಹತ್ರ. ಹೆಲಿಕಾಪ್ಟರ್ ತುಂಬಾ ಹಿಕ್ಕೆ ಹಾಕ್ಬಿಡ್ತು.”

ಭಯವಾಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಸ್ವಲ್ಪ ಯೋಚಿಸಿ ಉತ್ತರ ಕೊಟ್ಟರು. “ಇಳಿಯೋವಾಗ ಇಲ್ಲ ಮೇಡಂ. ಕೆಲಸ ಮುಗಿಸಿ ಬಂದು ಟೀ ಕುಡಿಯೋವಾಗ ಲೋಟ ಅಲ್ಲಾಡೋದು.”

ಬಂದ ಆರು ತಿಂಗಳಲ್ಲಿ ಅವರು ಮೂರು ಕಾಗದ ಬರೆದರು. ಮೂರೂ ಒಂದೇ ವಿಷಯ. ಕಾರ್ಖಾನೆಯ ಹಿಂಭಾಗದಲ್ಲಿ ಬಣ್ಣದ ನೀರನ್ನು ಶುದ್ಧ ಮಾಡುವ ಘಟಕವಿತ್ತು. ಅದರ ಕೆಸರು ಬಂದು ನಿಲ್ಲುವ ತೊಟ್ಟಿ ನೆಲದೊಳಗೆ ಎರಡೂವರೆ ಮಾರು ಆಳ. ಮೇಲೆ ಮನುಷ್ಯ ತೂರುವಷ್ಟು ಒಂದು ಬಾಯಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ಆ ಮುಚ್ಚಳಕ್ಕೆ ಬೀಗ ಹಾಕಬೇಕು. ಕೆಸರಿನಿಂದ ಏಳುವ ವಿಷದ ಗಾಳಿ ಅಳೆಯುವ ಯಂತ್ರ, ಹೊರಗಿನ ಗಾಳಿ ಊದುವ ಬ್ಲೋಯರ್, ಮೂರು ಕಾಲಿನ ಸ್ಟ್ಯಾಂಡು ಮತ್ತು ಹಗ್ಗ ತರಿಸಬೇಕು. ಅಲ್ಲಿಯತನಕ ಯಾರನ್ನೂ ಒಳಗಿಳಿಸಬಾರದು. ಮೊದಲನೆಯ ಕಾಗದವನ್ನು ಮ್ಯಾನೇಜರಿಗೆ ಕೊಟ್ಟೆ. “ಗೇಟ್ ನೋಡ್ಕೊಳ್ಳೋಕೆ ಹೇಳಮ್ಮಾ,” ಎಂದರು. ಎರಡನೆಯದನ್ನು ಕೊಟ್ಟಾಗ ಪಕ್ಕಕ್ಕಿಟ್ಟರು. ಮೂರನೆಯದನ್ನು ನಾನು ಕೊಡಲೇ ಇಲ್ಲ. ಮತ್ತೆ ಅದೇ ಮಾತು ಕೇಳುವುದು ಯಾಕೆಂದು ‘ಇತರೆ’ ಎಂಬ ಫೈಲಿಗೆ ಹಾಕಿ ಮುಚ್ಚಿಟ್ಟೆ.

ಅದಾಗಿ ಐದು ವಾರಕ್ಕೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಹಿಂಭಾಗದಿಂದ ಕೂಗು ಕೇಳಿಸಿತು.

ನಾನು ಓಡಿಹೋಗುವಷ್ಟರಲ್ಲಿ ಅಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ನಡೆದದ್ದು ಇಷ್ಟು. ತೊಟ್ಟಿಯ ಪಂಪಿಗೆ ಕಸ ಸಿಕ್ಕಿತ್ತು. ಆನಂದ ಎಂಬ ಕಂಟ್ರಾಕ್ಟ್ ಕೆಲಸದವನು ಅದನ್ನು ಬಿಡಿಸಲು ಇಳಿದ. ಇಳಿದವನು ಮಾತಾಡಲಿಲ್ಲ. ಮೇಲಿದ್ದ ಅವನ ಚಿಕ್ಕಪ್ಪನ ಮಗ ಬಗ್ಗಿ ನೋಡಿ, ಬಿದ್ದಿದ್ದಾನೆಂದು ಕೂಗಿ, ತಾನೂ ಇಳಿದ. ಅವನೂ ಮಾತಾಡಲಿಲ್ಲ. ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದ ಮುನಿರಾಜು ಆನಂದನ ಸ್ವಂತ ಅಣ್ಣ. ಸುದ್ದಿ ಕೇಳಿ ಓಡಿಬಂದವನು ಅಂಗಿ ಕಿತ್ತೆಸೆದು ತೊಟ್ಟಿಯ ಬಾಯಿಗೆ ಕಾಲಿಟ್ಟಿದ್ದ.

ಮಿಲ್ಟ್ರಿ ಸಾರ್ ಅವನನ್ನು ಹಿಂದಿನಿಂದ ಹಿಡಿದು ನೆಲಕ್ಕೆ ಕೆಡವಿದ್ದನ್ನು ನಾನು ಕಣ್ಣಾರೆ ನೋಡಿದೆ. ಕೆಡವಿ, ಬೆನ್ನ ಮೇಲೆ ಮೊಣಕಾಲು ಊರಿ ಕೂತರು. ಮುನಿರಾಜು ಆರಡಿ ಆಳು. ಒದ್ದಾಡಿದ, ಕೂಗಿದ, ಅವರ ಮುಂಗೈ ಕಚ್ಚಿ ರಕ್ತ ಬರಿಸಿದ.

“ಬಿಡ್ರೋ! ನನ್ ತಮ್ಮ ಕಣ್ರೋ ಒಳಗಿರೋದು!”

“ಬಿಡಲ್ಲ,” ಎಂದರು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಅವನ ಒದ್ದಾಟ ಒಂದು ಗಳಿಗೆ ನಿಂತಿತು. ಅಷ್ಟರಲ್ಲಿ ನಾಲ್ಕು ಜನಕ್ಕೆ ಅವನನ್ನು ಹಿಡಿದುಕೊಳ್ಳಲು ಹೇಳಿ ಎದ್ದರು. ಯಾರೋ ಒದ್ದೆ ಟವೆಲ್ ಕೊಟ್ಟು, ಮೂಗಿಗೆ ಕಟ್ಟಿಕೊಂಡು ಇಳಿಯಿರಿ ಎಂದರು. “ಈ ಗಾಳಿಗೆ ಬಟ್ಟೆ ತಡೆಯಲ್ಲ,” ಎಂದು ಅದನ್ನು ಬಿಸಾಡಿದರು.

ಅವರ ದನಿ ಏರಿರಲಿಲ್ಲ. ನನಗೆ ಈಗಲೂ ಅದೇ ಆಶ್ಚರ್ಯ. ನೂಲು ಒಣಗಿಸುವ ಕಡೆಯಿಂದ ದೊಡ್ಡ ಬ್ಲೋಯರ್ ತರಲು ಇಬ್ಬರಿಗೆ ಹೇಳಿದರು. ರಿಪೇರಿಯವರಿಗೆ ಸರಪಳಿ ರಾಟೆ, ಮೂರು ಪೈಪು. ಆಮೇಲೆ ನನ್ನ ಕಡೆ ತಿರುಗಿದರು.

“ಮೇಡಂ, ಸ್ಕೂಟರ್ ತಗೊಳ್ಳಿ. ಇಲ್ಲಿಂದ ನಾಲ್ಕನೇ ಗೇಟು, ಔಷಧಿ ಪುಡಿ ಮಾಡೋ ಫ್ಯಾಕ್ಟ್ರಿ. ಒಳಗೆ ಎಡಕ್ಕೆ ಕೆಂಪು ಬೀರು. ಬೆನ್ನಿಗೆ ಹಾಕ್ಕೊಳ್ಳೋ ಗಾಳಿ ಸಿಲಿಂಡರ್ರು, ಮುಖದ ಮಾಸ್ಕು. ನನ್ ಹೆಸರು ಹೇಳಿ. ಕೊಡಲ್ಲ ಅಂದ್ರೆ ಕಿತ್ಕೊಂಡು ಬನ್ನಿ.”

ಹೋದೆ. ಅಲ್ಲಿನ ಕಾವಲಿನವನು ಸಾಹೇಬರನ್ನು ಕೇಳಬೇಕು ಎಂದ. ಸಾಹೇಬರು ಮೀಟಿಂಗಿನಲ್ಲಿದ್ದರು. ನಾನು ಹಾಗೆ ಕಿರುಚಿದ್ದು ಬದುಕಿನಲ್ಲಿ ಅದೊಂದೇ ಸಲ. ಬೀಗ ತೆಗೆದುಕೊಟ್ಟ. ಸಿಲಿಂಡರನ್ನು ಕಾಲ ಹತ್ತಿರ ಇಟ್ಟುಕೊಂಡು ವಾಪಸ್ಸು ಬಂದಾಗ ಬ್ಲೋಯರ್ ಆಗಲೇ ಓಡುತ್ತಿತ್ತು, ಪೈಪುಗಳನ್ನು ಮೂರು ಕಾಲಾಗಿ ಕಟ್ಟಿ ರಾಟೆ ನೇತುಹಾಕಿಯಾಗಿತ್ತು. ಸುತ್ತ ನಿಂತವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. “ಮಿಲ್ಟ್ರಿಯಂತೆ ಮಿಲ್ಟ್ರಿ, ಹೆದರ್ಕೊಂಡು ನಿಂತವ್ನೆ ನೋಡು,” ಎಂದಿದ್ದು ನಮ್ಮದೇ ಲೆಕ್ಕಪತ್ರ ವಿಭಾಗದವರು.

ನಾನು ಹೋಗಿ ಬಂದದ್ದು ಎಷ್ಟು ನಿಮಿಷವೋ ಗೊತ್ತಿಲ್ಲ. ವಿಚಾರಣೆಯಲ್ಲಿ ಹತ್ತು ಎಂದರು ಒಬ್ಬರು, ಹದಿನೈದು ಎಂದರು ಇನ್ನೊಬ್ಬರು.

ಅವರು ಮಾಸ್ಕ್ ಹಾಕಿ, ಹಗ್ಗವನ್ನು ತೊಡೆಗೂ ಎದೆಗೂ ಸುತ್ತಿ ಗಂಟು ಹಾಕಿಕೊಂಡು ಇಳಿದರು. ಮೊದಲು ಮೇಲೆ ಬಂದವನು ಚಿಕ್ಕಪ್ಪನ ಮಗ. ಉಸಿರಾಡುತ್ತಿದ್ದ. ಎರಡನೆಯ ಸಲ ಆನಂದನನ್ನು ತಂದರು. ಅವನ ಮುಖವನ್ನೆಲ್ಲ ಒರೆಸಿ, ಆಂಬುಲೆನ್ಸ್ ಬರುವತನಕ ಎದೆ ಒತ್ತುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಆನಂದ ಬದುಕಿಲ್ಲವೆಂದರು. ಇನ್ನೊಬ್ಬ ಒಂಬತ್ತು ದಿನ ಬೆಂಗಳೂರಿನಲ್ಲಿದ್ದು ಎದ್ದು ಬಂದ.

ಅಂದು ಸಂಜೆ ಕ್ಯಾಂಟೀನಿನಲ್ಲಿ ಅವರು ಒಬ್ಬರೇ ಕೂತಿದ್ದರು. ಎದುರಿಗೆ ಟೀ. ಲೋಟ ಮುಟ್ಟಿರಲಿಲ್ಲ.

ಮರುದಿನವೇ ಕಾರ್ಖಾನೆ ಇಲಾಖೆಯ ಅಧಿಕಾರಿಗಳು ಬಂದರು. ಅದಕ್ಕೂ ಮೊದಲು ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. “ನೋಡಮ್ಮಾ, ಅವರು ಬರ್ದಿದ್ದ ಕಾಗದಗಳು. ಅಂಥದ್ದೇನೂ ಬಂದಿರ್ಲಿಲ್ಲ ಅಂತ ಇರ್ಲಿ. ಕಾರ್ಖಾನೆ ಮುಚ್ಚಿದ್ರೆ ಇನ್ನೂರು ಜನ ಬೀದಿಗೆ ಬೀಳ್ತಾರೆ. ನೀನೂ ಸೇರಿ.”

ನನ್ನ ಮೇಜಿಗೆ ಬಂದು ಕೂತೆ. ಮಿಲ್ಟ್ರಿ ಸಾರ್ ಎಂದಿನಂತೆ ಹಾಜರಿಯ ಪುಸ್ತಕ ಕೊಡಲು ಬಂದರು. ಕೈಗೆ ಬ್ಯಾಂಡೇಜು. ಕಾಗದದ ಮಾತು ಅವರು ಎತ್ತಲಿಲ್ಲ. ಎತ್ತಿದ್ದರೆ ಸುಲಭವಾಗುತ್ತಿತ್ತು. ನಾನೇ ಹೇಳಿದೆ: “ಸಾರ್, ಮೂರನೇ ಕಾಗದ ನಾನು ಮೇಲೆ ಕಳಿಸಿರಲಿಲ್ಲ. ಫೈಲ್‌ನಲ್ಲೇ ಇದೆ.”

ಸಮಾಧಾನ ಹೇಳುತ್ತಾರೆಂದು ನಾನು ಕಾದೆನೋ ಏನೋ.

“ಕಳ್ಸಿದ್ರೆ ಬೀಗ ಹಾಕೋರಾ, ಇಲ್ವಾ, ನನಗೆ ಗೊತ್ತಿಲ್ಲ ಮೇಡಂ,” ಎಂದರು. “ಕಳ್ಸಬೇಕಾಗಿತ್ತು.”

ಅಷ್ಟು ಹೇಳಿ ಗೇಟಿಗೆ ಹೋದರು.

ಮಧ್ಯಾಹ್ನ ಅಧಿಕಾರಿ ಕೇಳಿದಾಗ ನಾನು ಮೂರೂ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಮೂರನೆಯದು ನನ್ನ ಬಳಿಯೇ ಉಳಿದಿತ್ತೆಂದೂ ಹೇಳಿದೆ. ಮ್ಯಾನೇಜರನ್ನು ಬೇರೆ ಕಡೆಗೆ ಹಾಕಿದರು, ಅವರ ಮೇಲೆ ಕೇಸಾಯಿತು. ನನಗೆ ಒಂದು ನೋಟಿಸು ಬಂತು. ಕಾರ್ಖಾನೆ ಮುಚ್ಚಲಿಲ್ಲ. ಹೊಸ ಮ್ಯಾನೇಜರ್ ಮಾಡಿದ ಮೊದಲ ಕೆಲಸ, ಮಿಲ್ಟ್ರಿ ಸಾರನ್ನು ಗೇಟಿನಿಂದ ಒಳಗೆ ಕರೆಸಿ ಸುರಕ್ಷತೆಯ ಉಸ್ತುವಾರಿ ಕೊಟ್ಟದ್ದು. ಅವರು ಕೇಳಿದ್ದೆಲ್ಲ ಆರು ವಾರದಲ್ಲಿ ಬಂತು.

ಆದರೆ ಜನ ಅವರನ್ನು ಅಷ್ಟು ಬೇಗ ಒಪ್ಪಲಿಲ್ಲ. ಎರಡನೆಯವನು ಬದುಕಿದ್ದು ಹೇಗೆಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಸುಮ್ಮನೆ ನಿಂತಿದ್ದು ಯಾಕೆಂದು ಕೇಳುತ್ತಿದ್ದರು. ಅವರು ಉತ್ತರ ಕೊಡುತ್ತಿರಲಿಲ್ಲ. ಕೊಡಬೇಕಾದದ್ದು ಒಬ್ಬನಿಗೆ ಎಂದು ಅವರಿಗೆ ಅನ್ನಿಸಿತ್ತು. ಆ ಒಬ್ಬ, ಮುನಿರಾಜು, ಕೆಲಸ ಬಿಟ್ಟು ಹೋಗಿದ್ದ. ಎದುರು ಸಿಕ್ಕಿದರೆ ರಸ್ತೆಯ ಆ ಬದಿಗೆ ದಾಟುತ್ತಿದ್ದ.

ಎರಡು ವರ್ಷದ ಮೇಲೆ ಅವರು ಕೆಲಸ ಬಿಟ್ಟರು. ಹಳೆಯ ಓಮ್ನಿ ವ್ಯಾನ್ ಒಂದನ್ನು ಕೊಂಡು, ಹಿಂದಿನ ಸೀಟು ಕಿತ್ತು, ಬ್ಲೋಯರ್, ಸ್ಟ್ಯಾಂಡು, ಹಗ್ಗ, ಮಾಸ್ಕು ತುಂಬಿದರು. ನೆಲಮಂಗಲದ ಗೋಡೌನುಗಳು, ಹೊಸಕೋಟೆಯ ಕಾರ್ಖಾನೆಗಳು, ದೇವನಹಳ್ಳಿಯ ಅಪಾರ್ಟ್‌ಮೆಂಟುಗಳು ಕರೆದಲ್ಲಿಗೆ ಹೋಗಿ, ಸಂಪು, ಗುಂಡಿ, ತೊಟ್ಟಿಗಳಲ್ಲಿ ಜನ ಸಾಯದಂತೆ ಕೆಲಸ ಮಾಡುವುದು ಹೇಗೆಂದು ಕಲಿಸುತ್ತಿದ್ದರು. ಪಂಚಾಯಿತಿ ಕರೆದರೆ ಊರಿನ ಅರಳಿಕಟ್ಟೆಯ ಮುಂದೆಯೇ ಸ್ಟ್ಯಾಂಡು ಹೂಡುತ್ತಿದ್ದರು. ಹಂಚುವುದಕ್ಕೆ ಒಂದು ಹಾಳೆಯ ಸೂಚನೆ ಬೇಕೆಂದು ನನ್ನ ಬಳಿ ಬಂದರು. ನಾನು ಬರೆದದ್ದನ್ನು ಓದಿ ತಲೆ ಅಲ್ಲಾಡಿಸಿದರು.

“‘ಅನಿಲ ಸೋರಿಕೆಯ ಸಂದರ್ಭದಲ್ಲಿ’ ಅಂದ್ರೆ ಯಾರಿಗೆ ತಿಳೀತದೆ ಮೇಡಂ? ‘ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹಿಂದಕ್ಕೆ ಬಾ. ಬರ್ತಿದ್ದ ವಾಸನೆ ನಿಂತುಹೋದ್ರೆ ಓಡು’ ಅಂತ ಬರೀರಿ. ವಾಸನೆ ಹೋಯ್ತು ಅಂದ್ರೆ ಗಾಳಿ ಒಳ್ಳೇದಾಯ್ತು ಅಂತಲ್ಲ, ಮೂಗು ಸತ್ತೋಯ್ತು ಅಂತ.”

ಹಾಗೆಯೇ ಬರೆದೆವು.

ಭಾನುವಾರ ಅವರ ಮನೆಗೆ ಹೋಗುವುದು ನನಗೆ ರೂಢಿಯಾಯಿತು. ಸೈನ್ಯದಿಂದ ಬಿಡುಗಡೆಯಾಗಿ ಬಂದವರು, ಇನ್ನೇನು ಬರಲಿರುವವರು, ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಕೆಲವರು ಅವರ ಹಾಗೆಯೇ ಕೆಳಗಿಳಿದು ಜನರನ್ನು ಎತ್ತಿದವರು, ಕೆಲವರು ನೀರಿನಲ್ಲಿ ಮುಳುಗಿ ಹುಡುಕುವವರು, ಒಬ್ಬ ಬೆಟ್ಟದ ಮೇಲೆ ಗಾಯಾಳುಗಳಿಗೆ ಹೊಲಿಗೆ ಹಾಕುತ್ತಿದ್ದವನು. ಎಲ್ಲರ ಕೈಯಲ್ಲೂ ಅಂಥದ್ದೇ ಒಂದೂವರೆ ಪುಟ. ಮಿಲ್ಟ್ರಿ ಸಾರ್ ಆ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟು ಕೇಳುತ್ತಿದ್ದರು: “ಇದು ಬಿಡಪ್ಪಾ. ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ದೆ ಹೇಳು.” ಅವನು ಹೇಳುತ್ತಾ ಹೋದಂತೆ ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಳ್ಳುತ್ತಿದ್ದೆ. ರಕ್ತ ನಿಲ್ಲಿಸುವುದು ಬರುತ್ತದೆ, ಎಂಟು ಜನರ ತಂಡವನ್ನು ನಡೆಸಿದ್ದೇನೆ, ಸಲಕರಣೆ ದಿನಾ ಪರೀಕ್ಷೆ ಮಾಡುತ್ತೇನೆ, ಹೀಗೆ. ಹೊಲಿಗೆ ಹಾಕುತ್ತಿದ್ದವನಿಗೆ ಮತ್ತೊಂದು ಪರೀಕ್ಷೆ ಕಟ್ಟುವಂತೆ ಹೇಳಿದರು. ಅವನಿಗೆ ಸಿಟ್ಟು ಬಂತು.

“ಹನ್ನೆರಡು ವರ್ಷ ಮಾಡಿದ್ದನ್ನ ಮತ್ತೆ ಮೊದ್ಲಿಂದ ಕಲೀಬೇಕಾ ಸಾರ್?”

“ಕಲಿಯೋದ್ ಬೇಡ. ಕಲ್ತಿದೀಯ ಅಂತ ಅವರಿಗೆ ಗೊತ್ತಾಗೋ ಭಾಷೇಲಿ ಹೇಳು. ನಾನು ಹೇಳ್ಲಿಲ್ಲ. ಗೇಟಲ್ಲಿ ಕೂರ್ಬೇಕಾಯ್ತು.”

ಗೇಟಿನ ಆ ನೇಮಕಾತಿ ಪತ್ರ ಟೈಪ್ ಮಾಡಿದವಳು ನಾನು. ಅವರು ನನ್ನ ಕಡೆ ನೋಡಲಿಲ್ಲ.

ಮುನಿರಾಜು ಬಂದದ್ದೂ ಅಂಥ ಒಂದು ಭಾನುವಾರ. ಆನಂದ ಸತ್ತು ಮೂರು ವರ್ಷದ ಹತ್ತಿರವಾಗಿತ್ತು. ಅಂಗಳದಲ್ಲಿ ಚಪ್ಪಲಿ ಬಿಡದೆ ನಿಂತುಕೊಂಡ. ಅವರ ಹೆಂಡತಿ ಒಳಗೆ ಬಾ ಎಂದು ಕರೆದರೂ ಬರಲಿಲ್ಲ.

“ಒಂದ್ ಮಾತು ಕೇಳಿ ಹೋಗ್ತೀನಿ,” ಎಂದ. “ಅವತ್ತು ಮೊದ್ಲು ನನ್ ತಮ್ಮನ್ನ ಎತ್ತಿದ್ರೆ ಬದುಕ್ತಿದ್ನಾ?”

ಅವರು ಎದ್ದು ಹೋಗಿ ಅವನ ಎದುರಿಗೆ ನಿಂತರು.

“ಗೊತ್ತಿಲ್ಲಪ್ಪಾ. ನಾನು ಇಳಿದಾಗ ನಿಮ್ ಚಿಕ್ಕಪ್ಪನ ಮಗನ ಎದೆ ಆಡ್ತಿತ್ತು, ನಿನ್ ತಮ್ಮಂದು ಆಡ್ತಿರ್ಲಿಲ್ಲ. ಮುಖ ಕೆಸರಲ್ಲಿತ್ತು. ಎತ್ತಿ ಪಕ್ಕಕ್ಕೆ ಒರಗಿಸ್ದೆ. ಆಡ್ತಿದ್ದೋನ್ನ ಮೊದ್ಲು ತಗೊಂಡೆ.”

“ಕೂಡ್ಲೇ ಇಳಿದಿದ್ರೆ?”

“ಕೂಡ್ಲೇ ಇಳಿದಿದ್ರೆ ನಾನೂ ಅಲ್ಲೇ ಬಿದ್ದಿರ್ತಿದ್ದೆ. ನನ್ ಹಿಂದೆ ನೀನು.”

ಸುಳ್ಳು ಹೇಳಿ, ಆನಂದ ಆಗಲೇ ಹೋಗಿಬಿಟ್ಟಿದ್ದ, ನೋವೇ ಆಗಿರಲಿಲ್ಲ ಎಂದಿದ್ದರೆ ಮುನಿರಾಜುವಿಗೆ ಹಗುರವಾಗುತ್ತಿತ್ತು ಎಂದು ನನಗನ್ನಿಸಿತು. ಅವರು ಅದನ್ನು ಹೇಳಲಿಲ್ಲ. ಒಳಗಿನಿಂದ ಕಾಫಿ ಬಂತು. ಅವನು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು ಕುಡಿದ. ಕುಡಿಯುತ್ತಾ, ನನ್ನ ಕಡೆ ತಿರುಗಿ ಹೇಳಿದ:

“ಅವತ್ತು ಕಿವೀಲಿ ಏನಂದ್ರು ಗೊತ್ತಾ ಮೇಡಂ? ‘ನಿಮ್ಮಮ್ಮನ ಹೆಸರೇನು’ ಅಂದ್ರು. ನಂಜಮ್ಮ ಅಂದೆ. ‘ನಂಜಮ್ಮನ ಮಗ ಒಬ್ನಾದ್ರೂ ಮನೆಗೆ ಹೋಗ್ಬೇಕು’ ಅಂದ್ರು. ಮೂರು ವರ್ಷದಿಂದ ಅಮ್ಮನ್ನ ನೋಡ್ದಾಗೆಲ್ಲ ಅದೇ ನೆಪ್ಪಾಗ್ತದೆ. ಸಿಟ್ಟೂ ಬರ್ತದೆ, ಇನ್ನೇನೋನೂ ಬರ್ತದೆ.”

ಮುಂದಿನ ವಾರವೂ ಬಂದ. ಅದರ ಮುಂದಿನ ವಾರ ವ್ಯಾನಿನಲ್ಲಿ ಹಗ್ಗ ಸುತ್ತುತ್ತಿದ್ದ. ಅವರು ಅವನನ್ನು ಬಾ ಎಂದು ಕರೆದದ್ದನ್ನು ನಾನು ಕೇಳಿಲ್ಲ; ಬೇಡ ಎಂದದ್ದನ್ನೂ ಕೇಳಿಲ್ಲ. ಕಲಿಸುವಾಗ ಮಾತ್ರ ಕರುಣೆ ಇರಲಿಲ್ಲ. ಗಂಟು ತಪ್ಪಿದರೆ ಬಿಚ್ಚಿ ಕೈಗೆ ಕೊಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಎಣಿಸಿದೆ, ಹತ್ತೊಂಬತ್ತು ಸಲ.

ಮಿಲ್ಟ್ರಿ ಸಾರ್ ಹೆಂಡತಿ ಒಮ್ಮೆ ನನ್ನ ಜೊತೆ ಸೊಪ್ಪು ಬಿಡಿಸುತ್ತಾ ಹೇಳಿದರು: “ಸರ್ವೀಸಲ್ಲಿದ್ದಾಗ ರಜಕ್ಕೆ ಬಂದ್ರೆ ನೆಂಟರ ಹಂಗೆ ಇರೋರು. ಬಿಟ್ಟು ಬಂದ್ಮೇಲೆ ಒಂದ್ ವರ್ಷ, ಮನೇಲಿ ಎಲ್ಲಿ ಕೂತ್ಕೋಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ ಅವರಿಗೆ. ಈ ಮುನಿರಾಜ ಬಂದ್ಮೇಲೆ ಸ್ವಲ್ಪ ಬೈಯೋಕ್ ಶುರು ಮಾಡಿದಾರೆ. ನನಗೆ ಎಷ್ಟೋ ಸಮಾಧಾನ.”

ಅವರಿಗೆ ಬಂದ ಕಾಯಿಲೆ ಹೊಟ್ಟೆಯಲ್ಲಿತ್ತು. ಗೊತ್ತಾಗುವಾಗ ತಡವಾಗಿತ್ತು. ಅದನ್ನೂ ಅವರು ಹವಾಮಾನದ ವರದಿಯಂತೆ ಹೇಳಿದರು. ವ್ಯಾನಿನ ಕೀಲಿಯನ್ನು ಮುನಿರಾಜುವಿಗೆ ಕೊಟ್ಟರು. ಮೊದಮೊದಲು ಅವನು ಹೊರಟಾಗಲೆಲ್ಲ ಬಾಗಿಲಿಗೆ ಬಂದು ಸಲಕರಣೆ ಒಂದೊಂದಾಗಿ ಕೇಳುತ್ತಿದ್ದರು. ಆಮೇಲೆ ಮಂಚದಿಂದ ಕೇಳುತ್ತಿದ್ದರು. ಕೊನೆಗೆ ಕೇಳುವುದನ್ನು ನಿಲ್ಲಿಸಿದರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಒಂದು ಗುರುವಾರ. ಮಧ್ಯಾಹ್ನ ಎರಡರ ಹೊತ್ತಿಗೆ ಮುನಿರಾಜು ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ. ಮಂಚದ ಪಕ್ಕ ನೆಲದ ಮೇಲೆ ಕೂತು ವರದಿ ಒಪ್ಪಿಸಿದ. ಸೂಲಿಬೆಲೆ ಕಡೆಯ ಒಂದು ಹಳ್ಳಿಯಲ್ಲಿ, ಬಾಡಿಗೆ ಮನೆಗಳ ಸಾಲಿನ ಹಿಂದೆ ಶೌಚದ ಗುಂಡಿ. ತುಂಬಿದೆಯೆಂದು ಬಾಡಿಗೆಗಿದ್ದವನೊಬ್ಬ ತಾನೇ ಇಳಿದುಬಿಟ್ಟ. ಪಕ್ಕದ ಬೀದಿಯಲ್ಲೇ ತರಬೇತಿ ನಡೆಸುತ್ತಿದ್ದ ಇವನನ್ನು ಜನ ಕೂಗಿದರು. ಇವನು ತಲುಪಿದಾಗ ಆ ಗಂಡಸಿನ ಹೆಂಡತಿ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿಯುತ್ತಿದ್ದಳು.

“ತಡೆದೆ ಸಾರ್. ಹಿಡ್ಕೊಂಡೆ. ಬಿಡ್ಲಿಲ್ಲ.”

“ಬ್ಲೋಯರ್ ಹಚ್ಚೋಕೆ ಎಷ್ಟೊತ್ತಾಯ್ತು?”

“ಆರು ನಿಮಿಷ.”

“ಜಾಸ್ತಿ ಆಯ್ತು.”

“ವೈರ್ ಸಾಲ್ಲಿಲ್ಲ ಸಾರ್. ಪಕ್ಕದ ಮನೆಯಿಂದ ಎಳೆದೆ.”

“ಇನ್ನೊಂದು ಸುರುಳಿ ಇಟ್ಕೋ. ಆಮೇಲೆ?”

“ಎತ್ತಿದೆ. ಬದುಕಿದಾನೆ. ಹೊಸಕೋಟೆ ಆಸ್ಪತ್ರೇಲಿ ಕಣ್ ಬಿಟ್ಟ. ಡಾಕ್ಟ್ರು ಭಯ ಇಲ್ಲ ಅಂದ್ರು.” ಮುನಿರಾಜು ಎಡಗೆನ್ನೆ ಮುಟ್ಟಿಕೊಂಡ. “ಆಯಮ್ಮ ಹೊಡೆದ್ಬಿಟ್ಲು ಸಾರ್. ಬಿಡೋ ಪಾಪಿ, ನಿನಗೂ ಹೆಂಡ್ತಿ ಮಕ್ಕಳಿಲ್ವಾ ಅಂತ, ಎರಡು.”

“ಎಲ್ಲಿ, ತೋರ್ಸು.”

ಅವನು ಮುಖ ಹತ್ತಿರ ತಂದ. ಬಳೆ ತಾಕಿ ಗೀರಿತ್ತು. ಮಿಲ್ಟ್ರಿ ಸಾರ್ ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಅಷ್ಟು ವರ್ಷದಲ್ಲಿ ಅವರು ದನಿ ತೆಗೆದು ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಗುತ್ತಿದ್ದರು. ಮುನಿರಾಜುವೂ ನಕ್ಕ, ನಗುತ್ತಲೇ ಅವನ ಕಣ್ಣು ತುಂಬಿತು, ತಲೆ ತಗ್ಗಿಸಿ ಮಂಚದ ಅಂಚಿಗೆ ಹಣೆ ಒತ್ತಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಅವರು ಹೆಂಡತಿಗೆ ಹೇಳಿದರು, “ಇವನು ಉಂಡಿಲ್ಲ, ಬಡಿಸು.” ತಟ್ಟೆ ಬಂದಾಗ ತಮಗೂ ಒಂದು ಬೇಕೆಂದರು. ಮೂರು ದಿನದಿಂದ ಗಂಜಿ ಬಿಟ್ಟು ಏನೂ ಮುಟ್ಟಿರಲಿಲ್ಲ. ಆಕೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

“ನನ್ನ ಎತ್ತಿ ಕೂರ್ಸಪ್ಪಾ,” ಎಂದರು ಮುನಿರಾಜುವಿಗೆ.

ಅವನು ಕೈ ತೊಳೆದು ಬಂದು, ಒಂದು ಕೈಯನ್ನು ಕತ್ತಿನ ಕೆಳಗೆ, ಇನ್ನೊಂದನ್ನು ಬೆನ್ನಿನ ಕೆಳಗೆ ಕೊಟ್ಟು, ಅವಸರವಿಲ್ಲದೆ ಎತ್ತಿದ. ಗೋಡೆಗೆ ದಿಂಬು ಒರಗಿಸಿ ಕೂರಿಸಿದ. ಅವರು ಬಿಸಿ ಸಾರಿನಲ್ಲಿ ಅದ್ದಿ ಎರಡು ತುತ್ತು ಮುದ್ದೆ ನುಂಗಿದರು. ಚೆನ್ನಾಗಿದೆ ಎಂದರು. ಅದಾದ ಹನ್ನೆರಡನೆಯ ದಿನ ಹೋದರು.